ಸರಪಳಿಯಿಂದ ಉಪಗ್ರಹದವರೆಗೆ: ನಕಾಶೆ, ಆಲೇಖ ಮತ್ತು ದೂರಸಂವೇದಿ ಚಿತ್ರಗಳ ಬೆಳವಣಿಗೆ

ನಕಾಶೆ, ಆಲೇಖ ಮತ್ತು ದೂರಸಂವೇದಿ ಚಿತ್ರ ಎಂಬ ಮೂರನ್ನೂ ಭೂಗೋಳಶಾಸ್ತ್ರದ ಪಠ್ಯಗಳು ಇಂದು ಅಕ್ಕಪಕ್ಕದಲ್ಲಿಟ್ಟು ವಿವರಿಸುತ್ತವೆಯಾದರೂ, ಅವು ಹುಟ್ಟಿದ ಕಾಲವೂ ಅವನ್ನು ಹುಟ್ಟಿಸಿದ ಅಗತ್ಯವೂ ಬೇರೆ ಬೇರೆ. ನಕಾಶೆ ಅಳೆದವರ ತೀರ್ಮಾನವನ್ನು ಹೇಳುತ್ತದೆ. ನೆಲದ ಮೇಲಿರುವುದರಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ತೋರಿಸುವುದಕ್ಕೆ ಯಾವ ಸಂಕೇತ ಬಳಸಬೇಕು ಎಂಬುದು ನಿಶ್ಚಯವಾದ ಮೇಲೆಯೇ ಅದು ಕಾಗದಕ್ಕೆ ಇಳಿಯುತ್ತದೆ. ಆಲೇಖ, ಅಂದರೆ ಗ್ರಾಫ್, ಎಣಿಸಿದ್ದನ್ನು ಗೆರೆ, ಕಂಬ ಅಥವಾ ವೃತ್ತದ ಆಕಾರಕ್ಕೆ ತಂದು ಕಣ್ಣಿಗೆ ಒಪ್ಪಿಸುತ್ತದೆ. ದೂರಸಂವೇದಿ ಚಿತ್ರವಾದರೋ ನೆಲವು ಪ್ರತಿಫಲಿಸಿದ ಅಥವಾ ಹೊರಸೂಸಿದ ಕಿರಣಗಳ ದಾಖಲೆಯಾಗಿದ್ದು, ಅದರೊಳಗೆ ಮೊದಲಿಗೆ ಇರುವುದು ಅಂಕಿಗಳು ಮಾತ್ರ. ಆ ಅಂಕಿಗಳಲ್ಲಿ ಊರು, ಕೆರೆ, ಕಾಡುಗಳನ್ನು ಗುರುತಿಸುವ ಕೆಲಸ ಅನಂತರದ್ದು. ಈ ಮೂರು ಬಗೆಯ ಸಾಕ್ಷ್ಯಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದಾಗ ತಪ್ಪು ನಿರ್ಣಯಗಳಾಗುತ್ತವೆ ಎಂಬುದನ್ನು ಈ ಕ್ಷೇತ್ರದ ಇತಿಹಾಸ ಮತ್ತೆ ಮತ್ತೆ ತೋರಿಸಿದೆ, ಮತ್ತು ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ಮೈಸೂರು ಸೀಮೆಯಲ್ಲಿಯೇ ನಡೆದಿದೆ.

ನಕಾಶೆಯ ಹುಟ್ಟು ಬಹಳ ಹಿಂದಿನದು. ಕ್ರಿಸ್ತಪೂರ್ವ ಆರನೆಯ ಶತಮಾನದ ಸುಮಾರಿನದೆಂದು ಹೇಳಲಾಗುವ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕವೊಂದು ಜಗತ್ತನ್ನು ವೃತ್ತಾಕಾರದಲ್ಲಿ ಚಿತ್ರಿಸಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಊರುಗಳ ಸ್ಥಾನವನ್ನು ಅಕ್ಷಾಂಶ, ರೇಖಾಂಶಗಳಲ್ಲಿ ಹೇಳುವ ಪದ್ಧತಿಯನ್ನು ವ್ಯವಸ್ಥಿತಗೊಳಿಸಿದುದಲ್ಲದೆ, ಗೋಳವನ್ನು ಸಮತಲಕ್ಕೆ ಇಳಿಸುವ ಪ್ರಕ್ಷೇಪಗಳನ್ನೂ ವಿವರಿಸಿದನು. ಗೋಳದ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದ ಕಾರಣ, ಪ್ರತಿಯೊಂದು ಪ್ರಕ್ಷೇಪವೂ ಒಂದು ಗುಣವನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ. 1569ರಲ್ಲಿ ಮರ್ಕೇಟರ್ ರಚಿಸಿದ ನಕಾಶೆ ದಿಕ್ಕುಗಳನ್ನು ಸರಿಯಾಗಿ ಉಳಿಸಿಕೊಂಡುದರಿಂದ ನಾವಿಕರಿಗೆ ವರವಾಯಿತಾದರೂ, ಧ್ರುವಗಳತ್ತ ಸಾಗಿದಂತೆ ವಿಸ್ತೀರ್ಣವನ್ನು ವಿಪರೀತವಾಗಿ ಹಿಗ್ಗಿಸಿತು. ಆಫ್ರಿಕಾದ ಸುಮಾರು ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಸಮುದ್ರಯಾನಕ್ಕೆಂದು ಮಾಡಿದ ಈ ನಕಾಶೆಯನ್ನು ಶಾಲೆಯ ಗೋಡೆಗೆ ತೂಗುಹಾಕಿದ್ದು ಒಳ್ಳೆಯ ಆಯ್ಕೆಯಾಗಿರಲಿಲ್ಲ.

ಭಾರತದಲ್ಲಿ ಆಧುನಿಕ ನಕಾಶೆಯ ಕೆಲಸ 1767ರಲ್ಲಿ ಜೇಮ್ಸ್ ರೆನೆಲ್ ಬಂಗಾಳದ ಸರ್ವೇಯರ್ ಜನರಲ್ ಆದುದರೊಂದಿಗೆ ಆರಂಭವಾಯಿತು. ಭಾರತೀಯ ಸರ್ವೇಕ್ಷಣ ಇಲಾಖೆ ತನ್ನ ಸ್ಥಾಪನೆಯ ವರ್ಷವೆಂದು ಎಣಿಸುವುದೂ ಅದನ್ನೇ. ರೆನೆಲ್‌ನ ಕಾಲದ ಕ್ರಮ ದಾರಿ ಹಿಡಿದು ನಡೆಯುತ್ತ ದೂರ ಮತ್ತು ದಿಕ್ಕುಗಳನ್ನು ಗುರುತು ಹಾಕಿಕೊಳ್ಳುವುದಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ಕ್ರಮ ಬದಲಾಯಿತು. ಹೊಸದಾಗಿ ವಿಂಗಡಣೆಯಾದ ಮೈಸೂರು ರಾಜ್ಯದಲ್ಲಿ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಎರಡು ಭಿನ್ನ ಉದ್ದೇಶದ ಅಳತೆಗಳು ಮೊದಲಾದವು. ಕಾಲಿನ್ ಮೆಕೆಂಜಿಯ ನೇತೃತ್ವದ ಮೈಸೂರು ಸರ್ವೆ ಗಡಿ, ಊರು, ಕೆರೆ, ಕಾಲುವೆ, ಬೆಳೆ, ಜನ ಎಲ್ಲವನ್ನೂ ದಾಖಲಿಸಲು ಹೊರಟಿತು. ಅದರ ಜೊತೆಜೊತೆಗೆ ಕಾವಲಿ ವೆಂಕಟ ಬೋರಯ್ಯನಂಥ ದೇಶೀಯ ವಿದ್ವಾಂಸರ ನೆರವಿನಿಂದ ಶಾಸನಗಳೂ ಊರುಗಳ ವೃತ್ತಾಂತಗಳಾದ ಕೈಫಿಯತ್ತುಗಳೂ ಸಂಗ್ರಹವಾದವು. ವಿಲಿಯಂ ಲ್ಯಾಂಬ್ಟನ್‌ನ ಗುರಿ ಬೇರೆಯಾಗಿತ್ತು. ಪರ್ಯಾಯದ್ವೀಪವನ್ನು ತ್ರಿಭುಜಗಳ ಜಾಲದಿಂದ ಹೆಣೆದು, ಭೂಮಿಯ ಆಕಾರವನ್ನೇ ನಿಷ್ಕರ್ಷಿಸುವುದು ಅವನ ಆಸೆ.

ತ್ರಿಭುಜೀಕರಣದ ತತ್ವ ಸರಳವಾದುದು: ತ್ರಿಭುಜವೊಂದರ ಒಂದು ಭುಜದ ಉದ್ದವೂ ಅದರ ಕೋನಗಳೂ ಗೊತ್ತಿದ್ದರೆ ಉಳಿದೆರಡು ಭುಜಗಳನ್ನು ಲೆಕ್ಕದಿಂದ ಪಡೆಯಬಹುದು, ಮತ್ತು ಆ ಭುಜಗಳ ಮೇಲೆ ಹೊಸ ತ್ರಿಭುಜಗಳನ್ನು ಕಟ್ಟುತ್ತ ಹೋಗಬಹುದು. ಕಷ್ಟವಿದ್ದುದು ಮೊದಲ ಭುಜವನ್ನು, ಅಂದರೆ ಆಧಾರರೇಖೆಯನ್ನು, ದೋಷವಿಲ್ಲದೆ ಅಳೆಯುವುದರಲ್ಲಿ. 1800ರ ಕೊನೆಯಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ತುಸು ಹೆಚ್ಚಿನ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಸ್ವೀಕೃತವಾಗದೆ ಭಾರತಕ್ಕೆ ಬಂದ ಉಪಕರಣಗಳಲ್ಲಿ ಆ ಸರಪಳಿಯೂ ಒಂದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣತೆಯನ್ನೂ ಬರೆದಿಟ್ಟು ಉದ್ದವನ್ನು ತಿದ್ದಬೇಕಾಗಿತ್ತು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಕಾರ್ಯ ಮತ್ತೆ ಮೊದಲಾಗಿ, ಅರ್ಧ ಟನ್ ತೂಗುವ ಥಿಯೊಡೊಲೈಟ್ ಎಂಬ ಕೋನಮಾಪಕ ಯಂತ್ರದ ನೆರವಿನೊಂದಿಗೆ ತ್ರಿಭುಜಗಳ ಸಾಲು ಮೈಸೂರು ಸೀಮೆಯನ್ನು ಹಾದು ಪಶ್ಚಿಮ ಕರಾವಳಿಯನ್ನು ಮುಟ್ಟಿತು. ಆಗ ಹಿಂದಿನ ನಕಾಶೆಗಳು ಪರ್ಯಾಯದ್ವೀಪವನ್ನು ಸುಮಾರು 40 ಮೈಲಿ ಹೆಚ್ಚು ಅಗಲವಾಗಿ ತೋರಿಸಿದ್ದವೆಂಬುದು ಗೊತ್ತಾಯಿತು. ಲ್ಯಾಂಬ್ಟನ್‌ನ ಕೀರ್ತಿ ಜಗತ್ತಿಗೆ ಹರಡಿದಷ್ಟು ಮೆಕೆಂಜಿಯದು ಹರಡಲಿಲ್ಲ. ಆದರೆ ಕನ್ನಡನಾಡಿನ ಒಂದೊಂದು ಕೆರೆಯ ಚರಿತ್ರೆ ಬರೆಯಹೊರಡುವವರಿಗೆ ಇಂದು ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯವನ ಕೆಲಸವೇ.

ಮಹಾ ತ್ರಿಕೋನಮಿತೀಯ ಸರ್ವೆ ಎಂದು 1818ರಲ್ಲಿ ಹೆಸರು ಪಡೆದ ಈ ಕಾರ್ಯವನ್ನು ಲ್ಯಾಂಬ್ಟನ್‌ನ ಬಳಿಕ ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದನು. 1852ರಲ್ಲಿ ರಾಧಾನಾಥ ಸಿಕ್‌ದಾರರ ಲೆಕ್ಕದಿಂದ ಹದಿನೈದನೆಯ ಸಂಖ್ಯೆಯ ಶಿಖರವೇ, ಅಂದರೆ ಇಂದಿನ ಎವರೆಸ್ಟೇ, ಅತ್ಯುನ್ನತವೆಂದು ತಿಳಿದುಬಂದು, 1856ರಲ್ಲಿ ಅದರ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಮೀಟರುಗಳಲ್ಲಿ ಇದು ಸುಮಾರು 8,840 ಆಗುತ್ತದೆ. ಉಪಗ್ರಹಗಳ ನೆರವಿನಿಂದ ಅಳೆದು 2020ರಲ್ಲಿ ಘೋಷಿಸಿದ ಎತ್ತರ 8,848.86 ಮೀಟರ್.

ಈ ತ್ರಿಭುಜಜಾಲದ ಅಸ್ಥಿಪಂಜರದ ಮೇಲೆ ಮೂಡಿದವು ಸ್ಥಳಸ್ವರೂಪ ನಕಾಶೆಗಳು, ಅಂದರೆ ಟೋಪೋಶೀಟುಗಳು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಸೇರಿಸುವ ಸಮೋನ್ನತಿ ರೇಖೆಯನ್ನು, 1774ರಲ್ಲಿ ಸ್ಕಾಟ್ಲೆಂಡಿನ ಶೀಹ್ಯಾಲಿಯನ್ ಬೆಟ್ಟದಲ್ಲಿ ನಡೆದ ಪ್ರಯೋಗದ ಲೆಕ್ಕ ಮಾಡುವಾಗ ಚಾರ್ಲ್ಸ್ ಹಟನ್ ಬಳಸಿದ್ದನು. ಟೋಪೋಶೀಟಿನ ಜೀವಾಳ ಅದೇ. ಭಾರತದಲ್ಲಿ ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಹಾಳೆಗೆ ಒಂದು ಸಂಖ್ಯೆಯಿದ್ದು, ಅದನ್ನು ಹದಿನಾರು ಅಕ್ಷರಗಳಾಗಿಯೂ ಪ್ರತಿ ಅಕ್ಷರವನ್ನು ಹದಿನಾರು ಹಾಳೆಗಳಾಗಿಯೂ ಒಡೆಯಲಾಗಿದೆ. ಬೆಂಗಳೂರು ನಗರದ ಬಹುಭಾಗ 57ಎಚ್/9 ಎಂಬ ಹಾಳೆಯಲ್ಲಿ ಬರುತ್ತದೆ. 1:50,000 ಪ್ರಮಾಣದಲ್ಲಿ ಹಾಳೆಯ ಒಂದು ಸೆಂಟಿಮೀಟರು ನೆಲದ 500 ಮೀಟರುಗಳಿಗೆ ಸಮ. ಈ ಲೆಕ್ಕದಂತೆ ಹತ್ತು ಮೀಟರ್ ಅಗಲದ ರಸ್ತೆ 0.2 ಮಿಲಿಮೀಟರಿನ ಗೆರೆಯಾಗಬೇಕು. ಅದು ಕಣ್ಣಿಗೆ ಕಾಣಲೆಂದು ದಪ್ಪ ಮಾಡಲಾಗುತ್ತದೆ, ಅದಕ್ಕೆ ಜಾಗ ಬಿಡಲು ಪಕ್ಕದ ಮನೆಗಳ ಗುರುತನ್ನು ಸರಿಸಲಾಗುತ್ತದೆ. ನಕಾಶೆಯ ಮೇಲಿನ ರಸ್ತೆಯ ಅಗಲವನ್ನು ಅಳೆಯಹೋಗುವವರು ಅಳೆಯುವುದು ಸಂಕೇತವನ್ನೇ ಹೊರತು ರಸ್ತೆಯನ್ನಲ್ಲ.

ರೈತನ ಬದುಕನ್ನು ನೇರವಾಗಿ ಮುಟ್ಟಿದ್ದು ಕಂದಾಯದ ಗ್ರಾಮನಕಾಶೆ. ಇಲ್ಲಿಯ ಅಳತೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ, ಅಂದರೆ 1,089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿ ಸರ್ವೆ ನಂಬರಿನ ಭುಜಗಳ ಅಳತೆಯನ್ನು ಬರೆದಿಟ್ಟ ಟಿಪ್ಪಣಿ, ವಿಸ್ತೀರ್ಣವನ್ನೂ ಕಂದಾಯವನ್ನೂ ದಾಖಲಿಸಿದ ಆಕಾರಬಂದು, ಗಡಿಯಲ್ಲಿ ನೆಟ್ಟ ಬಾಂದುಕಲ್ಲು, ಇವು ಮೂರೂ ಕೂಡಿದ ವ್ಯವಸ್ಥೆ ಗ್ರಾಮದ ಒಳಗೆ ನಂಬಲರ್ಹವಾಗಿತ್ತು. ಆದರೆ ಗ್ರಾಮನಕಾಶೆಗಳನ್ನು ಅಕ್ಷಾಂಶ, ರೇಖಾಂಶಗಳ ಚೌಕಟ್ಟಿಗೆ ಕಟ್ಟಿರಲಿಲ್ಲವಾದ್ದರಿಂದ, ಒಂದು ಊರಿನ ನಕಾಶೆ ನೆರೆಯ ಊರಿನದರೊಂದಿಗೆ ಕರಾರುವಾಕ್ಕಾಗಿ ಕೂಡುವ ಭರವಸೆ ಇರಲಿಲ್ಲ.

ನಕಾಶೆ ಸ್ಥಳವನ್ನು ಹೇಳುವುದನ್ನು ದಾಟಿ ವಿಷಯವನ್ನು ಹೇಳಲು ತೊಡಗಿದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. 1701ರಲ್ಲಿ ಎಡ್ಮಂಡ್ ಹ್ಯಾಲಿ ಅಟ್ಲಾಂಟಿಕ್ ಸಾಗರದಲ್ಲಿ ದಿಕ್ಸೂಚಿಯ ಮುಳ್ಳು ಒಂದೇ ಪ್ರಮಾಣದಲ್ಲಿ ಓರೆಯಾಗುವ ಸ್ಥಳಗಳನ್ನು ಗೆರೆಗಳಿಂದ ಸೇರಿಸಿದನು. 1817ರಲ್ಲಿ ಹಂಬೋಲ್ಟ್ ಅದೇ ಉಪಾಯದಿಂದ ಸಮೋಷ್ಣ ರೇಖೆಗಳನ್ನು ಎಳೆದನು. ಆಲೇಖಗಳ ಪ್ರಧಾನ ರೂಪಗಳು ಬಂದದ್ದು ವಿಲಿಯಂ ಪ್ಲೇಫೇರ್‌ನಿಂದ. 1786ರ ತನ್ನ ಗ್ರಂಥದಲ್ಲಿ ದೇಶಗಳ ವ್ಯಾಪಾರದ ಏರಿಳಿತವನ್ನು ರೇಖೆಗಳಲ್ಲಿ ತೋರಿಸಿದ ಅವನಿಗೆ ಸ್ಕಾಟ್ಲೆಂಡಿನ ವಿಷಯದಲ್ಲಿ ಒಂದೇ ವರ್ಷದ ಅಂಕಿ ಸಿಕ್ಕಿದ್ದರಿಂದ ಕಾಲದ ರೇಖೆ ಎಳೆಯಲಾಗದೆ ಕಂಬಗಳನ್ನು ನಿಲ್ಲಿಸಿದನು. ಸ್ತಂಭಾಲೇಖ ಹುಟ್ಟಿದ್ದು ಹೀಗೆ, ಮಾಹಿತಿಯ ಕೊರತೆಯಿಂದ. ಇಡಿಯ ಭಾಗಗಳನ್ನು ತೋರಿಸುವ ವೃತ್ತಾಲೇಖವೂ 1801ರಲ್ಲಿ ಅವನದೇ ಕೈಯಿಂದ ಬಂದಿತು.

ಅನಂತರ ನಕಾಶೆಯೂ ಆಲೇಖವೂ ಒಂದರೊಳಗೊಂದು ಬೆರೆತವು. 1826ರಲ್ಲಿ ಚಾರ್ಲ್ಸ್ ದ್ಯುಪ್ಯಾಂ ಫ್ರಾನ್ಸಿನ ಶಿಕ್ಷಣದ ಸ್ಥಿತಿಯನ್ನು ಪ್ರಾಂತ್ಯವಾರು ಛಾಯೆಗಳಲ್ಲಿ ತೋರಿಸಿದನು. 1854ರಲ್ಲಿ ಜಾನ್ ಸ್ನೋ ಲಂಡನ್ನಿನ ಕಾಲರಾ ಸಾವುಗಳನ್ನು ಮನೆಮನೆಗೆ ಗುರುತಿಸಿ, ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದನ್ನು ಕಾಣಿಸಿದನು. 1869ರಲ್ಲಿ ಮಿನಾರ್ ರಷ್ಯಾಕ್ಕೆ ಹೋದ ನೆಪೋಲಿಯನ್ನನ ಸೇನೆ ಕರಗಿದ ಬಗೆಯನ್ನು ಪಟ್ಟಿಯೊಂದರ ಅಗಲದಿಂದಲೇ ಹೇಳಿದನು. ಭಾರತದಲ್ಲಿ ಇಂಥ ವಿಷಯಾಧಾರಿತ ನಕಾಶೆಗಳಿಗೆಂದೇ 1956ರಲ್ಲಿ ಎಸ್.ಪಿ. ಚಟರ್ಜಿಯವರ ನೇತೃತ್ವದಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ ಸ್ಥಾಪನೆಯಾಯಿತು.

ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಛಾಯಾನಕಾಶೆಯೇ ಅತಿ ಹೆಚ್ಚು ದಾರಿ ತಪ್ಪಿಸುವುದೂ ಹೌದು. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಅದೇ ಜಿಲ್ಲೆಯ ಕೇಂದ್ರವಾದ ಶಿವಮೊಗ್ಗ ನಗರದಲ್ಲಿ ಬೀಳುವುದು 1,000 ಮಿಲಿಮೀಟರಿನ ಆಸುಪಾಸು. ಜಿಲ್ಲಾವಾರು ಛಾಯಾನಕಾಶೆಯಲ್ಲಿ ಈ ಎರಡಕ್ಕೂ ಒಂದೇ ಬಣ್ಣ ಸಿಗುತ್ತದೆ, ಮತ್ತು ಆ ಬಣ್ಣ ಸೂಚಿಸುವ ಸರಾಸರಿ ಎರಡೂ ಊರುಗಳ ಅನುಭವವಲ್ಲ. ಮಳೆ ಆಡಳಿತದ ಗಡಿಯನ್ನು ನೋಡಿ ಬೀಳುವುದಿಲ್ಲವಾದ್ದರಿಂದ, ಇಲ್ಲಿ ಸಮಮಳೆ ರೇಖೆಗಳ ನಕಾಶೆಯೇ ಸರಿಯಾದ ಆಯ್ಕೆ. ತಿಂಗಳವಾರು ಲಯ ಬೇಕಾದರೆ ಮಳೆಗೆ ಕಂಬ, ಉಷ್ಣತೆಗೆ ಗೆರೆ ಬಳಸುವ ವಾಯುಗುಣದ ಆಲೇಖ ಬೇಕು. ಬರ, ನೆರೆಗಳ ಪರಿಹಾರದ ಹಣ ಹಂಚುವವರ ಮೇಜಿನ ಮೇಲೆ ಯಾವ ನಕಾಶೆ ಇದೆ ಎಂಬುದು ಸಣ್ಣ ವಿಷಯವಲ್ಲ.

ಮೇಲಿನಿಂದ ನೋಡುವ ಯತ್ನ ಬಲೂನಿನಿಂದ ಶುರುವಾಯಿತು. 1858ರಲ್ಲಿ ನಾದಾರ್ ಪ್ಯಾರಿಸ್ಸಿನ ಬಳಿ ತೆಗೆದ ಚಿತ್ರಗಳು ಉಳಿದಿಲ್ಲ. ಉಳಿದವುಗಳಲ್ಲಿ ಅತಿ ಹಳೆಯದು 1860ರ ಬಾಸ್ಟನ್ ನಗರದ್ದು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಿಂದ ಛಾಯಾಚಿತ್ರ ತೆಗೆಯುವುದು ನಿತ್ಯದ ಕೆಲಸವಾಯಿತು. ಒಂದರ ಮೇಲೊಂದು ಸುಮಾರು ಶೇಕಡ 60ರಷ್ಟು ಹೊದಿಯುವಂತೆ ತೆಗೆದ ಎರಡು ಚಿತ್ರಗಳನ್ನು ಸ್ಟೀರಿಯೊಸ್ಕೋಪಿನಲ್ಲಿ ಒಟ್ಟಿಗೆ ನೋಡಿದಾಗ ಬೆಟ್ಟಕಣಿವೆಗಳು ಉಬ್ಬುತಗ್ಗುಗಳಾಗಿ ಎದ್ದುನಿಲ್ಲುತ್ತವೆ. ಈ ವಿದ್ಯೆಯನ್ನು ಕಲಿಸಲು 1966ರಲ್ಲಿ ಡಚ್ಚರ ಸಹಕಾರದಿಂದ ಡೆಹ್ರಾಡೂನಿನಲ್ಲಿ ಸಂಸ್ಥೆಯೊಂದು ಆರಂಭವಾಯಿತು. 1970ರ ಸುಮಾರಿಗೆ ಪಿ.ಆರ್. ಪಿಷಾರಟಿಯವರ ತಂಡ ಕೇರಳದ ತೆಂಗಿನ ರೋಗವನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿದ್ದು ಭಾರತದ ದೂರಸಂವೇದಿಯ ನಿಜವಾದ ಆರಂಭ.

ಆ ಪ್ರಯೋಗದ ಹಿಂದಿನ ತತ್ವವೇ ಇಂದಿನ ಉಪಗ್ರಹ ಚಿತ್ರಗಳಿಗೂ ಅಡಿಪಾಯ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣಗಳನ್ನು ಬಲವಾಗಿ ಪ್ರತಿಫಲಿಸುತ್ತದೆ. ನೀರು ಆ ಕಿರಣಗಳನ್ನು ಬಹುಪಾಲು ನುಂಗಿಬಿಡುತ್ತದೆ. ಅವಕೆಂಪಿಗೆ ಕೆಂಪು ಬಣ್ಣವನ್ನೂ, ಕೆಂಪಿಗೆ ಹಸಿರನ್ನೂ, ಹಸಿರಿಗೆ ನೀಲಿಯನ್ನೂ ಕೊಟ್ಟು ರಚಿಸುವ ಮಿಥ್ಯಾವರ್ಣ ಚಿತ್ರದಲ್ಲಿ ಬೆಳೆ ಮತ್ತು ಕಾಡು ಕೆಂಪಾಗಿಯೂ ತಿಳಿನೀರು ಕಪ್ಪಾಗಿಯೂ ಪಟ್ಟಣಗಳು ಬೂದುನೀಲಿಯಾಗಿಯೂ ಕಾಣುವುದು ಈ ಕಾರಣದಿಂದ. 1972ರ ಜುಲೈನಲ್ಲಿ ಅಮೆರಿಕ ಹಾರಿಸಿದ, ಅನಂತರ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹ ಹದಿನೆಂಟು ದಿನಕ್ಕೊಮ್ಮೆ ಒಂದೇ ಸ್ಥಳವನ್ನು ನೋಡತೊಡಗಿದಾಗ, ಬದಲಾವಣೆಯನ್ನು ನಿಯತವಾಗಿ ಅಳೆಯುವುದು ಸಾಧ್ಯವಾಯಿತು. ಭಾರತದ ಭಾಸ್ಕರ-1 1979ರ ಜೂನ್‌ನಲ್ಲಿ ಒಂದು ಕಿಲೋಮೀಟರಿನ ವಿವರದೊಂದಿಗೆ ಪ್ರಯೋಗಕ್ಕಿಳಿಯಿತು; 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ನಿತ್ಯಸೇವೆಯನ್ನು ಆರಂಭಿಸಿತು. ಅದರ ಒಂದು ಕ್ಯಾಮೆರಾದ ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಚೌಕ, ನೆಲದ 72.5 ಮೀಟರ್ ಭುಜದ ಚೌಕವನ್ನು ಪ್ರತಿನಿಧಿಸುತ್ತಿತ್ತು. ವಿಸ್ತೀರ್ಣದಲ್ಲಿ ಇದು ಸುಮಾರು ಒಂದು ಎಕರೆ ಹನ್ನೆರಡು ಗುಂಟೆ. ಸಣ್ಣ ಹಿಡುವಳಿದಾರನ ಹೊಲ, ಬದು, ಬಾವಿ, ಹುಣಸೆಮರ ಎಲ್ಲವೂ ಕೂಡಿ ಅಲ್ಲಿ ಒಂದು ಅಂಕಿ. 1995ರ ಐಆರ್‌ಎಸ್-1ಸಿ ಈ ವಿವರವನ್ನು 5.8 ಮೀಟರಿಗೆ ಇಳಿಸಿತು; 2005ರ ಕಾರ್ಟೊಸ್ಯಾಟ್-1 ಎರಡು ಕೋನಗಳಿಂದ ನೋಡಿ ಎತ್ತರವನ್ನೂ ಅಳೆಯಿತು; 2019ರ ಕಾರ್ಟೊಸ್ಯಾಟ್-3 ಕಾಲು ಮೀಟರಿನವರೆಗೆ ಬಂದಿತು.

ವಿವರ ಹೆಚ್ಚಿದ ಮಾತ್ರಕ್ಕೆ ಅರ್ಥ ಸ್ಪಷ್ಟವಾಗುವುದಿಲ್ಲ. ಜೊಂಡು, ಅಂತರಗಂಗೆ ಮುಚ್ಚಿಕೊಂಡ ನಗರದ ಕೆರೆ ಮಿಥ್ಯಾವರ್ಣ ಚಿತ್ರದಲ್ಲಿ ಹುಲುಸಾದ ಹೊಲದಂತೆ ಕೆಂಪಾಗಿ ಕಾಣುತ್ತದೆ; ಕೊಡಗಿನ ಮರದ ನೆರಳಿನ ಕಾಫಿ ತೋಟವೂ ಪಕ್ಕದ ಕಾಡೂ ಕಂಪ್ಯೂಟರಿನ ವರ್ಗೀಕರಣದಲ್ಲಿ ಸುಲಭವಾಗಿ ಒಂದಾಗುತ್ತವೆ. ಸ್ಥಳಕ್ಕೆ ಹೋಗಿ ತಾಳೆ ನೋಡುವ ಕ್ರಮವನ್ನು ಈ ಕ್ಷೇತ್ರದಲ್ಲಿ ನೆಲಸತ್ಯದ ಪರಿಶೀಲನೆ ಎನ್ನುತ್ತಾರೆ. ಅದನ್ನು ಮಾಡದೆ ಪ್ರಕಟಿಸಿದ ಅರಣ್ಯದ ಅಂಕಿಗಳು ಅಪಾಯಕಾರಿ. ಇದಲ್ಲದೆ ಉಪಗ್ರಹ ಚಿತ್ರಕ್ಕೆ 1972ಕ್ಕಿಂತ ಹಿಂದಿನ ನೆನಪು ತೀರಾ ಕಡಿಮೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ ಎಂಬುದನ್ನು ಹಳೆಯ ನಕಾಶೆಗಳಷ್ಟೇ ಹೇಳಬಲ್ಲವು.

ಪಶ್ಚಿಮಘಟ್ಟದ ಮೇಲೆ ಮುಂಗಾರಿನ ತಿಂಗಳುಗಳಲ್ಲಿ ಮೋಡ ಕವಿದಿರುವಾಗ ಬೆಳಕನ್ನು ನಂಬಿದ ಕ್ಯಾಮೆರಾಗಳು ನಿರುಪಯುಕ್ತ. ತಾನೇ ಸೂಕ್ಷ್ಮತರಂಗಗಳನ್ನು ಕಳಿಸಿ ಅವುಗಳ ಮರುದನಿಯನ್ನು ದಾಖಲಿಸುವ ರೇಡಾರಿಗೆ ಮೋಡವೂ ರಾತ್ರಿಯೂ ಅಡ್ಡಿಯಲ್ಲ. 2012ರ ರಿಸ್ಯಾಟ್-1ರ ಬಳಿಕ, 2025ರ ಜುಲೈ 30ರಂದು ಭಾರತ ಮತ್ತು ಅಮೆರಿಕ ಜಂಟಿಯಾಗಿ ಹಾರಿಸಿದ ನಿಸಾರ್ ಎರಡು ತರಂಗಪಟ್ಟಿಗಳಲ್ಲಿ ಹನ್ನೆರಡು ದಿನಕ್ಕೊಮ್ಮೆ ಅದೇ ನೆಲವನ್ನು ನೋಡುವಂತೆ ರೂಪುಗೊಂಡಿದೆ.

ನಕಾಶೆ, ಅಂಕಿಅಂಶ, ಚಿತ್ರ ಈ ಮೂರನ್ನೂ ಒಂದೇ ನಿರ್ದೇಶಾಂಕಗಳ ಚೌಕಟ್ಟಿನಲ್ಲಿ ಪದರಪದರವಾಗಿ ಜೋಡಿಸುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಎಂಬ ಆ್ಯಪ್, ಮೊಬೈಲ್ ಹಿಡಿದು ನಿಂತ ಜಾಗದ ಸರ್ವೆ ನಂಬರನ್ನು ಉಪಗ್ರಹ ಚಿತ್ರದ ಮೇಲೆಯೇ ತೋರಿಸುತ್ತದೆ. ಅದರಲ್ಲಿ ಕಾಣುವ ಗಡಿಗೆರೆ ಮೂಲತಃ ಸರಪಳಿಯಿಂದ ಅಳೆದ ಗ್ರಾಮನಕಾಶೆಯಿಂದ ಬಂದದ್ದು. ಹಿನ್ನೆಲೆಯ ಚಿತ್ರ ಮಾತ್ರ ಬಾಹ್ಯಾಕಾಶದ್ದು. ಚೌಕಟ್ಟಿಗೆ ಕಟ್ಟಿರದ ಹಳೆಯ ನಕಾಶೆಯನ್ನು ಚಿತ್ರಕ್ಕೆ ಹೊಂದಿಸುವಾಗ ಗೆರೆ ಕೆಲವೆಡೆ ನಿಜವಾದ ಬದುವಿನಿಂದ ಹಲವು ಮೀಟರು ಸರಿದು ನಿಲ್ಲುತ್ತದೆ, ಮತ್ತು ಚಿತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಆ ಅಂತರವನ್ನು ತಾನೇ ಸರಿಪಡಿಸಲಾರದು. ಆದುದರಿಂದಲೇ ಹೊಲದ ಗಡಿ ಗುರುತಿಸಿಕೊಡುವ ಹದ್ದುಬಸ್ತಿನ ಅರ್ಜಿ ಬಂದಾಗ ಭೂಮಾಪಕರು ಟಿಪ್ಪಣಿಯನ್ನು ಹಿಡಿದು ಹೊಲಕ್ಕೇ ಹೋಗಬೇಕಾಗಿದೆ. ಉಪಗ್ರಹ ಸಂಕೇತಗಳನ್ನು ಗ್ರಹಿಸಿ ಕೆಲವೇ ಸೆಂಟಿಮೀಟರಿನ ನಿಖರತೆಯಲ್ಲಿ ಸ್ಥಾನ ಹೇಳುವ ರೋವರ್ ಯಂತ್ರಗಳು ಈಗ ಸರಪಳಿಯ ಜಾಗಕ್ಕೆ ಬರುತ್ತಿವೆಯಾದರೂ, ಆ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಬಾಂದುಕಲ್ಲೂ ಅಕ್ಕಪಕ್ಕದ ಹಿಡುವಳಿದಾರರೂ.