ಡಿಶ್ ಮೊದಲು ಬಂತು, ಬಾಕ್ಸಿಂಗ್ ಆಮೇಲೆ

(1/7)
ಮೊದಲ ಫೋಟೋ ನಮ್ಮ ಮನೆ ಮಾಳಿಗೆದು. ಮೂಲೆಯಲ್ಲಿ ಆ ದುಂಡನೆ ತಟ್ಟೆ ಕಾಣ್ತಿದೆಯಲ್ಲ, ಅದು ನಮ್ಮ ಹಳೇ ಡಿಶ್. ಕಂಬದಿಂದ ಬಿಚ್ಚಿ ಎರಡು ವರ್ಷ ಆಯ್ತು. ಈಗ ಅವ್ವ ಅದರಲ್ಲಿ ಸಂಡಿಗೆ ಒಣಗಿಸ್ತಾಳೆ. ಹಿಂದೆ ಕಾಣೋದು ಕೋಟೆ ಗೋಡೆ. ಕೋಟೆ ಬಗ್ಗೆ ಹೋದ ಸೀರೀಸ್‌ನಲ್ಲಿ ಬರೆದಾಗಿದೆ, ಈ ಸಲ ಡಿಶ್ ಸರದಿ.

ಇದೆಲ್ಲ ಶುರುವಾಗಿದ್ದು ಕಾಲೇಜಿನ ಒಂದು ಜಗಳದಿಂದ. ಬಾಕ್ಸಿಂಗ್ ನೋಡೋಕೆ ಟಿವಿ ಒಳ್ಳೇದಾ, ಆ್ಯಪ್ ಒಳ್ಳೇದಾ ಅಂತ. ಹುಡುಗರು ಒಂದೇ ಮಾತಲ್ಲಿ ಮುಗಿಸಿಬಿಟ್ರು: "ಟಿವಿ ಸತ್ತು ಯಾವ ಕಾಲ ಆತು, ನೀ ಯಾವ ಊರಾಗ ಅದಿ?" ನಾನಿರೋದು ಮುದಗಲ್‌ನಲ್ಲೇ. ಅದಕ್ಕೇ ಆ ಪ್ರಶ್ನೆ ನನಗೆ ಅಷ್ಟು ಸಲೀಸು ಅನ್ನಿಸಲಿಲ್ಲ.

ನಮ್ಮ ಅಕೌಂಟ್ಸ್ ಸರ್ ಪದೇ ಪದೇ ಹೇಳೋ ಮಾತೊಂದಿದೆ. ಯಾವುದೇ ಲೆಕ್ಕ ತಲೆಗೆ ಹೋಗದಿದ್ರೆ ಮೊದಲು ದುಡ್ಡು ಯಾರ ಕಿಸೆಯಿಂದ ಹೊರಟಿತು ಅಂತ ನೋಡ್ರಿ ಅಂತಾರೆ. ನಾನೂ ಅದೇ ದಾರಿ ಹಿಡಿದು ಹಿಂದಕ್ಕೆ ಹೋದೆ. ಹೋಗಿ ಮುಟ್ಟಿದ್ದು ನಮ್ಮ ಜಿಲ್ಲೆಗೇ!

(2/7)
1975ರ ಆಗಸ್ಟ್ 1. ಅವತ್ತು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದ್ರೆ ನಾವು ಆರು ವರ್ಷ ಮುಂದಿದ್ವಿ. ಇದನ್ನ ಬೆಂಗಳೂರಿನ ಕಸಿನ್‌ಗಳಿಗೆ ಕಳಿಸಿ.

ಆ ಪ್ರಯೋಗಕ್ಕೆ ಸೈಟ್ ಅಂತ ಹೆಸರು. ನಾಸಾ ಒಂದು ವರ್ಷದ ಮಟ್ಟಿಗೆ ಎಟಿಎಸ್-6 ಅನ್ನೋ ಉಪಗ್ರಹವನ್ನ ಕೊಟ್ಟಿತ್ತು. ನೆಲದ ಮೇಲಿನ ಕೆಲಸ ಇಸ್ರೋದು, ಕಾರ್ಯಕ್ರಮ ಆಕಾಶವಾಣಿಯವರದು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2400 ಹಳ್ಳಿಗಳು. ಡಿಶ್ ಹತ್ತು ಅಡಿ ಅಗಲ, ಮಾಡಿದ್ದು ಕೋಳಿಗೂಡಿಗೆ ಹಾಕೋ ತಂತಿ ಬಲೆಯಿಂದ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ. ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಸ್ವಲ್ಪ ಹಾಡು ನಾಟಕ.

ನಮ್ಮಜ್ಜ ಆಗ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯಲ್ಲಿದ್ದ ಇಪ್ಪತ್ತೆರಡರ ಹುಡುಗ. ಟಿವಿ ಇದ್ದದ್ದು ಶಾಲೆಯಲ್ಲಿ, ಕೀಲಿ ಮಾಸ್ತರರ ಹತ್ರ. ಹೊತ್ತು ಮುಳುಗೋದ್ರೊಳಗೆ ಮಂದಿ ಚಾಪೆ, ಗೋಣಿಚೀಲ ತಂದು ಜಾಗ ಹಿಡೀತಿದ್ರಂತೆ. ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ. ಏನು ನೋಡಿದ್ರಿ ಅಂದ್ರೆ ಅಜ್ಜ ನಗ್ತಾರೆ. "ಜ್ವಾಳಕ್ಕ ಯಾವಾಗ ಗೊಬ್ಬರ ಹಾಕಬೇಕು ಅಂತ ಹೇಳ್ತಿದ್ರು. ನಮ್ಮಂಗ ಧೋತ್ರ ಉಟ್ಟಾಂವ ಒಬ್ಬ ಮಾತಾಡ್ತಿದ್ದ. ಟಿವಿ ಒಳಗ ನಮ್ಮಂಥ ಮಂದಿ ಇರಬೌದು ಅಂತ ಅವತ್ತ ಗೊತ್ತಾತು."

ಬಾಕ್ಸಿಂಗ್ ತೋರಿಸ್ತಿದ್ರಾ ಅಂತ ಕೇಳಿದೆ. "ಹುಚ್ಚಿ, ಹೊಡೆದಾಟ ನೋಡಾಕ ಟಿವಿ ಯಾಕ ಬೇಕು, ಜಾತ್ರ್ಯಾಗ ಕುಸ್ತಿ ಇರ್ತಿದ್ವಲ್ಲ" ಅಂದ್ರು.

1976ರ ಜುಲೈ 31ಕ್ಕೆ ವರ್ಷ ಮುಗೀತು, ಉಪಗ್ರಹ ವಾಪಸ್ ಹೋಯ್ತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟಿವಿ ಕೇಂದ್ರ ಶುರುವಾಯ್ತು. ಆ ಒಂದು ವರ್ಷದ ಖರ್ಚು ಸರ್ಕಾರದ್ದು, ಚಾಪೆ ಮಾತ್ರ ನೋಡೋರದು.

(3/7)
ಈಗ ಒಂದು ದೂರದ ಊರಿಗೆ ಹೋಗಬೇಕು, ಆದರೆ ವರ್ಷ ಅದೇ.

ಅಜ್ಜ ಶಾಲೆ ಅಂಗಳದಲ್ಲಿ ಕೂತು ಎರಡು ತಿಂಗಳಾಗಿತ್ತು. 1975ರ ಅಕ್ಟೋಬರ್ 1, ಫಿಲಿಪ್ಪೀನ್ಸ್‌ನ ಮನಿಲಾ. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರನೇ ಸಲ ಎದುರುಬದುರು. ಪಂದ್ಯ ಶುರುವಾಗಿದ್ದು ಬೆಳಿಗ್ಗೆ 10.45ಕ್ಕೆ. ಯಾಕೆ ಗೊತ್ತಾ? ಆಗ ಅಮೆರಿಕದಲ್ಲಿ ಹಿಂದಿನ ದಿನದ ರಾತ್ರಿ, ಜನ ಊಟ ಮುಗಿಸಿ ಪರದೆ ಮುಂದೆ ಕೂರೋ ಹೊತ್ತು. ನೋಡೋರ ಗಡಿಯಾರ ನೋಡಿ ಆಡೋರು ರಿಂಗಿಗೆ ಇಳಿದ್ರು. ಮನಿಲಾ ಬಿಸಿಲು, ಒಳಗಿನ ಸೆಕೆ, ಮೇಲೆ ಲೈಟುಗಳ ಕಾವು. 14 ಸುತ್ತು ಆದಮೇಲೆ ಫ್ರೇಜಿಯರ್‌ಗೆ ಕಣ್ಣೇ ಕಾಣ್ತಿರಲಿಲ್ಲ. ಅವರ ಕೋಚ್ ಎಡ್ಡಿ ಫಚ್ ಸಾಕು ಅಂತ ನಿಲ್ಲಿಸಿಬಿಟ್ರು. ಗೆದ್ದ ಅಲಿಗೂ ನಿಲ್ಲೋ ಶಕ್ತಿ ಉಳಿದಿರಲಿಲ್ಲ.

ಎಚ್‌ಬಿಒ ಆಗ ಒಂದು ಸಣ್ಣ ಕೇಬಲ್ ಕಂಪನಿ. ಆ ಪಂದ್ಯವನ್ನ ಅದು ಉಪಗ್ರಹದ ಮೂಲಕ ಫ್ಲೋರಿಡಾ, ಮಿಸಿಸಿಪ್ಪಿಯ ಕೆಲವು ಊರುಗಳ ಕೇಬಲ್‌ಗೆ ಇಳಿಸಿತು. ತಿಂಗಳ ಚಂದಾ ಕಟ್ಟಿದವರ ಮನೆಗೆ ಮಾತ್ರ. ಅಮೆರಿಕದ ಕೇಬಲ್ ವ್ಯಾಪಾರ ಬೆಳೆದದ್ದೇ ಅಲ್ಲಿಂದ. ಇವತ್ತು ನಾವು ಆ್ಯಪ್‌ಗೆ ತಿಂಗಳು ತಿಂಗಳು ಕಟ್ತೀವಲ್ಲ, ಆ ಪದ್ಧತಿಯ ಅಜ್ಜ ಇದು.

ಒಂದೇ ವರ್ಷ, ಎರಡು ಡಿಶ್. ರಾಯಚೂರಿನ ಡಿಶ್‌ಗೆ ಗೊಬ್ಬರದ ಪಾಠ, ಇಡೀ ಊರಿಗೆ ಪುಕ್ಕಟೆ. ಫ್ಲೋರಿಡಾದ ಡಿಶ್‌ಗೆ ಬಾಕ್ಸಿಂಗ್, ದುಡ್ಡು ಕೊಟ್ಟವರಿಗೆ. ಇದನ್ನ ಮೊದಲ ಸಲ ಜೋಡಿಸಿ ನೋಡಿದ ರಾತ್ರಿ ನಂಗೆ ನಿದ್ದೆ ಬರಲಿಲ್ಲ, ನಿಜವಾಗ್ಲೂ. (ಮರುದಿನ ಕಾಸ್ಟಿಂಗ್ ಟೆಸ್ಟ್ ಬೇರೆ ಇತ್ತು.)

(4/7)
ಇದು ಸಣ್ಣ ಭಾಗ, ಬೇಗ ಓದಿ.

ಅಮೆರಿಕದಲ್ಲಿ ಅದಕ್ಕಿಂತ ಮೊದಲು ಬಾಕ್ಸಿಂಗ್ ಪುಕ್ಕಟೆನೇ ಇತ್ತು. 1940, 50ರ ದಶಕಗಳಲ್ಲಿ ಶುಕ್ರವಾರ ರಾತ್ರಿ ಎನ್‌ಬಿಸಿಯಲ್ಲಿ ಪಂದ್ಯ. ದುಡ್ಡು ಹಾಕ್ತಿದ್ದದ್ದು ಜಿಲೆಟ್, ಬ್ಲೇಡ್ ಕಂಪನಿ. ಜನ ಮನೆಯಲ್ಲೇ ಕೂತ್ರು, ಓಣಿ ಓಣಿಯ ಸಣ್ಣ ಬಾಕ್ಸಿಂಗ್ ಕ್ಲಬ್‌ಗಳಿಗೆ ಟಿಕೆಟ್ ಕೊಳ್ಳೋರಿಲ್ಲದೆ ಬಾಗಿಲು ಬಿತ್ತು. ಅಂದ್ರೆ ಟಿವಿ ಕೂಡ ಒಂದು ಕಾಲಕ್ಕೆ ಇನ್ನೊಂದನ್ನ ಕೊಂದೇ ಬಂದದ್ದು. ಟಿವಿ ಬಗ್ಗೆ ಅಳೋರು ಇದನ್ನೂ ನೆನಪಿಡಬೇಕು.

ಆಮೇಲೆ ಒಂದು ಪಂದ್ಯಕ್ಕೆ ಒಂದು ರೇಟು ಅನ್ನೋ ಪದ್ಧತಿ, ಪೇ ಪರ್ ವ್ಯೂ. 2015ರ ಮೇವೆದರ್ ಮತ್ತು ಪ್ಯಾಕಿಯಾವೊ ಪಂದ್ಯಕ್ಕೆ ಅಮೆರಿಕದ ಮನೆಗಳಲ್ಲಿ ಸುಮಾರು 100 ಡಾಲರ್. 46 ಲಕ್ಷ ಖರೀದಿ, 40 ಕೋಟಿ ಡಾಲರ್ ಮೀರಿದ ಆದಾಯ. ಅಷ್ಟು ರೇಟಿಟ್ರೆ ಏನಾಗತ್ತೆ? ಅವತ್ತೇ ಜನ ಪೆರಿಸ್ಕೋಪ್ ಅನ್ನೋ ಆ್ಯಪ್ ಹಾಕಿ, ತಮ್ಮ ಟಿವಿಗೇ ಫೋನ್ ಹಿಡಿದು ಬೇರೆಯವರಿಗೆ ತೋರಿಸಿಬಿಟ್ರು. 2018ರ ಕೊನೆಗೆ ಎಚ್‌ಬಿಒ ಬಾಕ್ಸಿಂಗನ್ನೇ ಬಿಟ್ಟಿತು. ಮನಿಲಾ ತೋರಿಸಿದ ಕಂಪನಿ ಅದು!

(5/7)
ಈಗ ನಮ್ಮ ಕಡೆ ವಾಪಸ್.

1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನ ಕಲರ್ ಆಗಿತ್ತು. ಆ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದದ್ದು ನಮ್ಮ ಸೇನೆಯ ಕೌರ್ ಸಿಂಗ್. ಎರಡು ವರ್ಷ ಮೊದಲು, 1980ರಲ್ಲಿ, ಇದೇ ಕೌರ್ ಸಿಂಗ್ ದೆಹಲಿಯಲ್ಲಿ ಅಲಿ ಜೊತೆ ಪ್ರದರ್ಶನ ಪಂದ್ಯ ಆಡಿದ್ರು. ಮನಿಲಾದ ಅದೇ ಅಲಿ.

ನಮ್ಮ ರಾಜ್ಯದ್ದು ಏನೂ ಇಲ್ವಾ ಅನ್ನಬೇಡಿ. ಕೊಡಗಿನ ಸಿ.ಎ. ಕುಟ್ಟಪ್ಪ ಅವರಿಗೆ 2018ರಲ್ಲಿ ಬಾಕ್ಸಿಂಗ್ ಕೋಚ್ ಅಂತ ದ್ರೋಣಾಚಾರ್ಯ ಪ್ರಶಸ್ತಿ ಬಂತು. ನಮ್ಮ ಓಣಿಯ ಹುಡುಗರಿಗೆ ಮಾತ್ರ ಬಾಕ್ಸಿಂಗ್ ಗ್ಲೌಸ್ ಗೊತ್ತಾಗಿದ್ದು 2019ರಲ್ಲಿ, ಸುದೀಪ್ ಪೈಲ್ವಾನ್ ಸಿನಿಮಾದಲ್ಲಿ ಕುಸ್ತಿ ಕಣ ಬಿಟ್ಟು ರಿಂಗ್ ಹತ್ತಿದಾಗ.

ನಾನು ಮೊದಲು ಬಾಕ್ಸಿಂಗ್ ನೋಡಿದ್ದು 2012ರಲ್ಲಿ, ಲಂಡನ್ ಒಲಿಂಪಿಕ್ಸ್, ಮೇರಿ ಕೋಮ್ ಸೆಮಿಫೈನಲ್. ಏಳು ವರ್ಷ ನಂಗೆ. ಪಕ್ಕದ ಮನೆ ಟಿವಿ, ದೂರದರ್ಶನ. ಬ್ರಿಟನ್ನಿನ ನಿಕೋಲಾ ಆ್ಯಡಮ್ಸ್ ಎದುರು ಮೇರಿ ಸೋತ್ರು, ಕಂಚು ಬಂತು. ಎರಡು ಮಕ್ಕಳ ತಾಯಿ ಅಂತ ಯಾರೋ ಹೇಳಿದ್ದು ಕೇಳಿ ಪಕ್ಕದ ಮನೆ ಚಿಗವ್ವ ಕೈಲಿದ್ದ ಮೊರ ಕೆಳಗಿಟ್ಟು ನೋಡ್ತಾ ನಿಂತಿದ್ದು ನೆನಪಿದೆ. ಪಂದ್ಯದ್ದು ಅಷ್ಟು ನೆನಪಿಲ್ಲ.

ಆ ಟಿವಿಯಲ್ಲಿ ಅದು ಪುಕ್ಕಟೆ ಬಂದದ್ದರ ಹಿಂದೆ ಒಂದು ಕಾನೂನಿದೆ ಅಂತ ತಿಳಿದದ್ದು ಈಗ. 2007ರ ಕಾಯ್ದೆ. ರಾಷ್ಟ್ರೀಯ ಮಹತ್ವದ ಕ್ರೀಡೆ ಅಂತ ಸರ್ಕಾರ ಪಟ್ಟಿ ಮಾಡಿದ್ದನ್ನ ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿ ಜೊತೆ ನೇರಪ್ರಸಾರಕ್ಕೆ ಹಂಚಿಕೊಳ್ಳಲೇಬೇಕು. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಎಲ್ಲ ಆ ಪಟ್ಟಿಯಲ್ಲಿವೆ. ಜಾಹೀರಾತಿನ ದುಡ್ಡು 75:25, ದೊಡ್ಡ ಪಾಲು ಹಕ್ಕು ಕೊಂಡವರಿಗೆ. ಬಿಕಾಂನವರೇ, ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಇದೇ ಅಲ್ವಾ?

ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಹಂಚಿಕೊಂಡ ಆ ಪ್ರಸಾರ ದೂರದರ್ಶನದ ಸ್ವಂತ ನೆಲದ ಟವರ್‌ಗಳಲ್ಲಿ, ಫ್ರೀ ಡಿಶ್‌ನಲ್ಲಿ ಮಾತ್ರ. ಖಾಸಗಿ ಕೇಬಲ್, ಖಾಸಗಿ ಡಿಶ್‌ಗಳಿಗೆ ಹೋಗೋ ಹಾಗಿಲ್ಲ. ಕೋಟಿಗಟ್ಟಲೆ ಕೊಟ್ಟು ಹಕ್ಕು ಕೊಂಡವರ ಚಾನೆಲ್‌ಗೆ ಆಮೇಲೆ ಯಾರು ದುಡ್ಡು ಕೊಡ್ತಾರೆ ಅನ್ನೋದು ವಾದ. ನ್ಯಾಯವೇ ಇರಬಹುದು. ಆದರೆ ತಿಂಗಳ ರೀಚಾರ್ಜ್ ಇಲ್ಲದ ಫ್ರೀ ಡಿಶ್ ಮನೆಗೆ ಬಾಕ್ಸಿಂಗ್ ಬರೋ ಒಂದೇ ಕಿಂಡಿ ಈ ಕಾಯ್ದೆ. ಹಣಕ್ಕಾಗಿ ಆಡೋ ದೊಡ್ಡ ಪಂದ್ಯಗಳು ಆ ಕಿಂಡಿಯಲ್ಲಿ ಬರೋದಿಲ್ಲ.

(6/7)
ಹುಡುಗರು ಟಿವಿ ಸತ್ತೋಯ್ತು ಅಂದಾಗ ನಂಗೆ ಬೇಜಾರಾಗಲಿಲ್ಲ, ಯಾಕಂದ್ರೆ ಟಿವಿ ನಮ್ಮ ಮನೆಯಲ್ಲಿ ಯಾವತ್ತೂ ನನ್ನದಾಗಿರಲಿಲ್ಲ. ರಿಮೋಟ್ ಅಪ್ಪನದು. ಅಪ್ಪ ಇಲ್ಲದಾಗ ಕಾಕಾನದು. ಸಂಜೆ ಏಳರಿಂದ ಅವ್ವನ ಧಾರಾವಾಹಿ. ಹುಡುಗಿಯರಿಬ್ಬರು ಬಾಕ್ಸಿಂಗ್ ಹಚ್ಚಿದ್ರೆ "ಅದೇನು ಹೊಡೆದಾಡೋದು ನೋಡ್ತೀರಿ, ಚಾನೆಲ್ ಬದಲಿ ಮಾಡ್ರಿ" ಅನ್ನೋ ಮಾತು ಗ್ಯಾರಂಟಿ. ಯಾವ ಇತಿಹಾಸದಲ್ಲೂ ಈ ರಿಮೋಟ್ ವಿಷಯ ಬರೆದಿಲ್ಲ, ಅದಕ್ಕೆ ನಾನು ಬರೀತಿದ್ದೀನಿ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯ್ತು. 2022ರ ಮೇ ತಿಂಗಳಲ್ಲಿ ನಿಖತ್ ಜರೀನ್ ಇಸ್ತಾಂಬುಲ್‌ನಲ್ಲಿ 52 ಕೆಜಿ ವಿಶ್ವ ಚಾಂಪಿಯನ್ ಆದಾಗ ನಾನೂ ತಂಗಿಯೂ ನೋಡಿದ್ದು ಫೋನಲ್ಲೇ, ಕೌದಿ ಒಳಗೆ, ಒಂದು ಇಯರ್‌ಫೋನ್ ಇಬ್ಬರ ಕಿವಿಗೆ. ನಿಖತ್ ನಿಜಾಮಾಬಾದಿನವರು. 1956ರವರೆಗೆ ನಿಜಾಮಾಬಾದೂ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ನಮಗೆ ಆಕೆ ದೂರದವಳಲ್ಲ. ಮರುದಿನದಿಂದ ತಂಗಿ ಮಾಳಿಗೆ ಮೇಲೆ ಟವೆಲ್ ಕೈಗೆ ಸುತ್ತಿಕೊಂಡು ಗಾಳಿಗೆ ಗುದ್ದೋಕೆ ಶುರು ಮಾಡಿದಳು. ಇವತ್ತಿಗೂ ಬಿಟ್ಟಿಲ್ಲ. ಎರಡನೇ ಫೋಟೋದಲ್ಲಿರೋ ನೆರಳು ಅವಳದೇ, ಮುಖ ಹಾಕಬೇಡ ಅಂದಿದ್ದಾಳೆ.

ಅವಳಿಗೆ ಕಾಲು ಇಡೋದು ಹೇಗೆ, ಗಲ್ಲ ಮುಚ್ಚಿಕೊಳ್ಳೋದು ಹೇಗೆ ಅಂತ ಕಲಿಸಿದ್ದು ಯಾವ ಚಾನೆಲ್ಲೂ ಅಲ್ಲ. ಒಂದು ಸುತ್ತನ್ನ ಹತ್ತು ಸಲ ಹಿಂದೆ ಎಳೆದು, ನಿಧಾನ ಮಾಡಿ ನೋಡೋಕೆ ಬಿಟ್ಟದ್ದು ಫೋನು. ಇದಕ್ಕೆ ನಾನು ಸ್ಟ್ರೀಮಿಂಗ್ ಪರ. ಇಲ್ಲಿ ಹುಡುಗರು ಗೆದ್ರು, ಒಪ್ತೀನಿ.

ಆದರೆ ನಮ್ಮ ಫೋನು ಅಣ್ಣನ ಹಳೇದು, ರೀಚಾರ್ಜ್ ಅಪ್ಪನ ಕಿಸೆಯಿಂದ. ಹೋದ ವರ್ಷ ಫೀಸ್ ಕಟ್ಟೋ ತಿಂಗಳು ರೀಚಾರ್ಜ್ ಆಗಲಿಲ್ಲ. 22 ದಿನ ತಂಗಿ ಏನೂ ನೋಡಲಿಲ್ಲ. ಮಾಳಿಗೆ ಮೇಲಿನ ಡಿಶ್ ಬಿಚ್ಚಿದ್ದೂ ಅದೇ ಕಾರಣಕ್ಕೆ: ಫೋನ್ ಇದೆಯಲ್ಲ, ಎರಡೆರಡು ಕಡೆ ಯಾಕೆ ಕಟ್ಟಬೇಕು ಅಂತ.

(7/7)
2024ರ ಆಗಸ್ಟ್ 1. ತಾರೀಖು ಗಮನಿಸಿ, ಸೈಟ್ ಶುರುವಾಗಿ ಸರಿಯಾಗಿ 49 ವರ್ಷ. ಪ್ಯಾರಿಸ್ ಒಲಿಂಪಿಕ್ಸ್, 50 ಕೆಜಿ. ನಿಖತ್‌ಗೆ ಶ್ರೇಯಾಂಕ ಕೊಟ್ಟಿರಲಿಲ್ಲ, ಅದಕ್ಕೆ ಎರಡನೇ ಪಂದ್ಯದಲ್ಲೇ ಅಗ್ರ ಶ್ರೇಯಾಂಕದ ಚೀನಾದ ವು ಯು ಸಿಕ್ಕರು. ಆ ಒಲಿಂಪಿಕ್ಸ್ ಜಿಯೋಸಿನಿಮಾದಲ್ಲಿ ಪುಕ್ಕಟೆ ಇತ್ತು. ಕಾಲೇಜಿನ ಬೇವಿನ ಮರದ ಕೆಳಗೆ ಒಬ್ಬಳ ಫೋನು, ಅವಳ ಡೇಟಾ, ಒಂಬತ್ತು ತಲೆ. ಹಿಂದಿದ್ದವರಿಗೆ ಮುಂದಿದ್ದವರು ಹೇಳ್ತಿದ್ರು: "ಎಡಗೈ ಬಿತ್ತು... ಇಲ್ಲ, ತಪ್ಪಿಸಿಕೊಂಡಳು." ನಿಖತ್ 5-0 ಸೋತ್ರು. ಯಾರೂ ಎದ್ದು ಹೋಗಲಿಲ್ಲ. ಫೋನಿನವಳು ಮಾತ್ರ ಬ್ಯಾಟರಿ ನೋಡಿ "ಇನ್ನ ಬಸ್ಸಿನ್ಯಾಗ ಮನಿಗೆ ಫೋನ್ ಹಚ್ಚೋದು ಹೆಂಗ" ಅಂದಳು. ಆ ವು ಯು ಮುಂದೆ ಚಿನ್ನವನ್ನೇ ಗೆದ್ದರು.

ಅದೇ ವರ್ಷ ನವೆಂಬರ್‌ನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಪಂದ್ಯ ನೆಟ್‌ಫ್ಲಿಕ್ಸ್‌ನಲ್ಲಿ. 58 ವರ್ಷದವರ ಎದುರು 27 ವರ್ಷದವನು. ಲೋಕದಾದ್ಯಂತ 6 ಕೋಟಿ ಮನೆಗಳಲ್ಲಿ ನೋಡಿದ್ರು ಅಂತ ಕಂಪನಿ ಲೆಕ್ಕ ಕೊಟ್ಟಿತು. ನಮ್ಮ ಒಂಬತ್ತು ತಲೆಗಳಲ್ಲಿ ಆ ಚಂದಾ ಇದ್ದವರು ಒಬ್ಬರೂ ಇರಲಿಲ್ಲ, ಮಾರನೇ ದಿನ ರೀಲ್ಸ್ ನೋಡಿದ್ವಿ.

ಬೇವಿನ ಮರದ ಕಥೆ ಅಜ್ಜನಿಗೆ ಹೇಳಿದೆ. "ಒಂಬತ್ತು ಮಂದಿನಾ? ನಾವು ಊರಿಗೆ ಊರೇ ಕೂಡ್ತಿದ್ವಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ನಮಗ ಏನ್ ಬೇಕು ಅಂತ ಯಾರೂ ಕೇಳ್ತಿರಲಿಲ್ಲ ಬಿಡು" ಅಂತನೂ ಸೇರಿಸಿದ್ರು.

2026ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಏಷ್ಯನ್ ಗೇಮ್ಸ್ ಇದೆ. ಪಟ್ಟಿಯಲ್ಲಿರೋ ಕ್ರೀಡೆ, ಫ್ರೀ ಡಿಶ್‌ಗೆ ಹಕ್ಕಿದೆ. ಬಾಕ್ಸ್ ಒಂದು ಕೊಂಡು, ಹಳೇ ತಟ್ಟೆಯನ್ನೇ ಮತ್ತೆ ಕಂಬಕ್ಕೆ ಏರಿಸಿ ದಿಕ್ಕು ತಿರುಗಿಸಿದ್ರೆ ಸಾಕಂತೆ, ಬಸ್ ಸ್ಟ್ಯಾಂಡ್ ಹತ್ರದ ಡಿಶ್ ಅಂಗಡಿಯವರು ಹೇಳಿದ್ರು. ತಂಗಿ ಆಗಲೇ ದುಡ್ಡು ಕೂಡಿಡ್ತಿದ್ದಾಳೆ. ಅವ್ವನದು ಒಂದೇ ಪ್ರಶ್ನೆ: ಅದನ್ನ ಮ್ಯಾಲ ಏರಿಸಿದ್ರ ಸಂಡಿಗಿ ಎಲ್ಲಿ ಒಣಗಿಸಲಿ?