ಹೆತ್ತ ಮಗ, ಶಿಶುಮಗ

ಬೈಬಲಿನಲ್ಲಿ ತಂದೆ, ತಾಯಿ, ಮಗ ಎಂಬ ಮಾತುಗಳು ರಕ್ತಸಂಬಂಧಕ್ಕಷ್ಟೇ ಮೀಸಲಲ್ಲ. ಯೋಬನ ಗ್ರಂಥದ ಹೀಬ್ರೂ ಮೂಲದಲ್ಲಿ ಬಾಣಕ್ಕೆ ‘ಬಿಲ್ಲಿನ ಮಗ’ ಎಂದಿದೆ. ದೆಬೋರಳು ಇಸ್ರಾಯೇಲಿಗೇ ತಾಯಿ. ತಿಮೊಥೆಯನನ್ನು ಹೆತ್ತವಳು ಯೂನಿಕೆ. ಅವನನ್ನು ಮಗನೆಂದು ಕರೆದವನು ಗುರುವಾದ ಪೌಲ.

1831ರ ಹೊತ್ತಿಗೆ ಬೈಬಲು ಪೂರ್ತಿಯಾಗಿ ಕನ್ನಡಕ್ಕೆ ಬಂದಾಗ ಈ ಬಳಕೆ ನಮ್ಮವರಿಗೆ ಹೊಸತಾಗಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯುಂಟು. ನೀಲಗಾರರು ತಂಬೂರಿ ಹಿಡಿದು ಹಾಡುವ ಆತನ ಕಾವ್ಯದಲ್ಲಿ ಶಿಷ್ಯನೆಂದರೆ ‘ಶಿಶುಮಗ’.

ಆದರೆ ಈ ಮಗನೇನು ಸುಮ್ಮನೆ ಸಿಕ್ಕಿದವನಲ್ಲ. ಮದ್ದೂರಿನ ಬಳಿಯ ನಿಡಘಟ್ಟದಲ್ಲಿ ಮುದ್ದಮ್ಮನೆಂಬ ತಾಯಿ. ಕಬ್ಬಿಣದ ಕೆಲಸದ ಕುಲ. ಅವಳ ಮಗ ಕೆಂಪಾಚಾರಿಯನ್ನು ಸ್ವಾಮಿ ಬೇಡುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಪಡಬಾರದ ಪಾಡು ಪಟ್ಟ ಮೇಲೆಯೇ ಹುಡುಗ ಮನೆ ಬಿಟ್ಟು ಸಿದ್ದಪ್ಪಾಜಿಯಾಗುವುದು. ಮುಂದೆ ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಅಟ್ಟಿದ್ದು ಹಲಗೂರಿನ ಪಾಂಚಾಳರಲ್ಲಿಗೆ, ಅಂದರೆ ಅವನ ಕುಲದವರ ಬಾಗಿಲಿಗೇ. ಅವರೋ ಅವನನ್ನು ನಂಟನೆಂದು ಆದರಿಸಲಿಲ್ಲ.

ಮತ್ತಾಯನ ಸುವಾರ್ತೆಯಲ್ಲಿಯೂ ಇಂಥದೊಂದು ಸನ್ನಿವೇಶವುಂಟು. ತಾಯಿಯೂ ತಮ್ಮಂದಿರೂ ಹೊರಗೆ ಕಾದು ನಿಂತಿದ್ದಾರೆಂದು ತಿಳಿಸಿದಾಗ, ಯೇಸು ಶಿಷ್ಯರ ಕಡೆಗೆ ಕೈಚಾಚಿ, ಇವರೇ ನನ್ನ ತಾಯಿ, ಇವರೇ ನನ್ನ ತಮ್ಮಂದಿರು ಎನ್ನುತ್ತಾನೆ.

‘ಮಗ’ ಎಂದು ಕರೆಯುವುದು ಬರಿಯ ಅಲಂಕಾರವೆಂದು ನಾವು ಓದಿಬಿಡುತ್ತೇವೆ. ಅಲಂಕಾರವೇ ಹೌದು. ಆದರೆ ಗುರುವಿಗೊಬ್ಬ ಮಗ ದೊರೆತಾಗ ಒಬ್ಬ ತಾಯಿ ಬಾಗಿಲ ಹೊರಗೆ ನಿಂತಿರುತ್ತಾಳೆ. ಸುವಾರ್ತೆ ಅವಳನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತದೆ. ನಮ್ಮ ನೀಲಗಾರರು ಮಾತ್ರ ಮುದ್ದಮ್ಮನ ಅಳಲನ್ನೂ ಹಾಡುತ್ತಾರೆ.