ಎಳೆಯ ವಿಧವೆಯರು ಮತ್ತು ಕನ್ನಡ ನಾಡಿನ ಸ್ತ್ರೀ ಸಂಸ್ಥೆಗಳು

ಯುವತಿಯರ ಏಳಿಗೆಗಾಗಿ ನಡೆಸುವ ಶಿಬಿರ, ಊರಿನ ಮಹಿಳಾ ಸಮಾಜ ಮತ್ತು ಓದಿಗೆ ಕೊಡುವ ವಿದ್ಯಾರ್ಥಿವೇತನ ಈ ಮೂರೂ ಇಂದು ಸರ್ಕಾರಿ ಯೋಜನೆಗಳ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ಕಾಣಿಸುವುದರಿಂದ, ಅವು ಒಂದೇ ಕಾಲದಲ್ಲಿ ಒಂದೇ ಉದ್ದೇಶಕ್ಕೆ ಹುಟ್ಟಿದವು ಎನಿಸುವುದು ಸಹಜ. ಕನ್ನಡ ನಾಡಿನ ಮಟ್ಟಿಗೆ ಅವುಗಳ ಮೂಲ ಬೇರೆ ಬೇರೆ. ವಿದ್ಯಾರ್ಥಿವೇತನದ ಹಿಂದೆ ಮೈಸೂರಿನ ಅರಮನೆಯೂ ದಿವಾನರ ಆಡಳಿತವೂ ಇದ್ದವು. ಸಮಾಜವೆಂಬುದು ಪೇಟೆಪಟ್ಟಣಗಳ ಓದುಬಲ್ಲ ಮನೆತನಗಳ ನಡುವೆ ಬೆಳೆಯಿತು. ಶಿಬಿರವನ್ನು ತಂದದ್ದು ರಾಷ್ಟ್ರೀಯ ಚಳವಳಿ. ಆದರೂ ಈ ಮೂರನ್ನು ಕಟ್ಟಿದವರ ಮತ್ತು ಮೊದಮೊದಲು ಅವುಗಳ ನೆರವು ಪಡೆದವರ ಬಾಳನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಅವರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು.

ಇದಕ್ಕೆ ಕಾರಣವನ್ನು ಅಂದಿನ ಮದುವೆಯ ಪದ್ಧತಿಯಲ್ಲಿ ಹುಡುಕಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೇಲುಜಾತಿಯ ಮನೆಗಳಲ್ಲಿ, ವಿಶೇಷವಾಗಿ ಬ್ರಾಹ್ಮಣರಲ್ಲಿ, ಹುಡುಗಿ ಮೈನೆರೆಯುವ ಮೊದಲೇ ಮದುವೆ ನಡೆಯುತ್ತಿತ್ತು. ಮೈನೆರೆದ ಬಳಿಕ ‘ಪ್ರಸ್ತ’ ಎಂಬ ಇನ್ನೊಂದು ಶಾಸ್ತ್ರವನ್ನು ಮುಗಿಸಿ ಅವಳನ್ನು ಗಂಡನ ಮನೆಗೆ ಕಳಿಸಲಾಗುತ್ತಿತ್ತು. ಬಾಲ್ಯಕ್ಕೂ ಗೃಹಿಣೀತನಕ್ಕೂ ನಡುವೆ ಓದಿಗಾಗಲಿ ಒಡನಾಟಕ್ಕಾಗಲಿ ದೊರೆಯಬಹುದಾದ ಬಿಡುವೇ ಇರಲಿಲ್ಲವಾದ್ದರಿಂದ, ‘ಯುವತಿ’ ಎಂದು ಇಂದು ಕರೆಯುವ ವಯೋಮಾನ ಆ ಮನೆಗಳಲ್ಲಿ ಸಾಮಾಜಿಕವಾಗಿ ಇರಲಿಲ್ಲವೆಂದೇ ಹೇಳಬೇಕು. ಆ ವಯಸ್ಸಿನಲ್ಲಿದ್ದೂ ಗಂಡನ ಮನೆಯ ಹೊಣೆಗೆ ಸೇರದೆ ಉಳಿಯುತ್ತಿದ್ದವಳು ವಿಧವೆ. ತಲೆ ಬೋಳಿಸುವುದು, ಒಪ್ಪೊತ್ತಿನ ಊಟ, ಶುಭಕಾರ್ಯಗಳಿಂದ ದೂರವಿಡುವುದು ಮುಂತಾದ ಕಟ್ಟಳೆಗಳು ಅವಳ ಬದುಕನ್ನು ಕುಗ್ಗಿಸಿದವು. ಆದರೆ ಮನೆಯವರು ಅವಳ ಭವಿಷ್ಯದ ಲೆಕ್ಕವನ್ನೇ ಮುಗಿಸಿಬಿಟ್ಟಿದ್ದರಿಂದ, ತಂದೆಯೋ ಮಾವನೋ ಅಣ್ಣನೋ ಮನಸ್ಸು ಮಾಡಿದರೆ ಅವಳ ಕೈಗೆ ಪುಸ್ತಕ ಕೊಡಲು ಸಾಧ್ಯವಾಗುತ್ತಿತ್ತು. ಸುಧಾರಕರು ಈ ಸಂದನ್ನು ಬೇಗನೆ ಗುರುತಿಸಿದರು. ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ತೆರೆದ ವಿಧವಾಶ್ರಮವೂ, 1912ರಲ್ಲಿ ಮದರಾಸಿನಲ್ಲಿ ಸ್ವತಃ ಬಾಲವಿಧವೆಯಾಗಿದ್ದ ಸಿಸ್ಟರ್ ಸುಬ್ಬಲಕ್ಷ್ಮಿಯವರು ಆರಂಭಿಸಿದ ಆಶ್ರಮವೂ ಇದೇ ತಿಳಿವಳಿಕೆಯ ಮೇಲೆ ನಿಂತಿದ್ದವು. ಆಶ್ರಯ ಕೊಡುವುದಷ್ಟೇ ಅವುಗಳ ಗುರಿಯಾಗಿರಲಿಲ್ಲ. ಅಲ್ಲಿ ಶಿಕ್ಷಕಿಯರು ತಯಾರಾಗಬೇಕಿತ್ತು.

ಮೈಸೂರಿನಲ್ಲಿ 1881ರಲ್ಲಿ, ಅಂದರೆ ಬ್ರಿಟಿಷರು ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದ ವರ್ಷವೇ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಅದಕ್ಕೂ ಮೊದಲು ಬೆಂಗಳೂರಿನ ಲಂಡನ್ ಮಿಷನ್, ಮಂಗಳೂರಿನ ಬಾಸೆಲ್ ಮಿಷನ್ ಮೊದಲಾದವು ಹೆಣ್ಣುಮಕ್ಕಳಿಗೆ ಶಾಲೆಗಳನ್ನು ನಡೆಸುತ್ತಿದ್ದವಾದರೂ ಮತಾಂತರದ ಭಯದಿಂದ ಮೇಲುಜಾತಿಯವರು ಅವುಗಳಿಂದ ದೂರವೇ ಇದ್ದರು. ಮಹಾರಾಣಿ ಪಾಠಶಾಲೆ ಈ ಭಯವನ್ನು ಕಳೆಯುವಂತೆ ರೂಪುಗೊಂಡಿತು: ಅರಮನೆಯ ಹೆಸರು ಮತ್ತು ಪೋಷಣೆ, ಸಂಪ್ರದಾಯಸ್ಥ ಕುಟುಂಬಗಳ ಸಹಕಾರ, ಪಾಠಗಳಲ್ಲಿ ಸಂಸ್ಕೃತ ಮತ್ತು ಸಂಗೀತ. ಅದು ಸಂಪ್ರದಾಯದೊಡನೆ ಮಾಡಿಕೊಂಡ ರಾಜಿ ಎಂದು ಹೇಳುವುದು ಸುಲಭವಾದರೂ, ಅದಿಲ್ಲದೆ ಆ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ. ಮದುವೆಯಾದ ಕೂಡಲೇ ಹುಡುಗಿಯರು ಶಾಲೆ ಬಿಡುತ್ತಿದ್ದುದು ಅಲ್ಲಿಯೂ ದೊಡ್ಡ ತೊಡಕಾಯಿತು; ಕೆಳತರಗತಿಗಳಲ್ಲಿ ತುಂಬಿರುತ್ತಿದ್ದ ಮಕ್ಕಳು ಮೇಲಿನ ತರಗತಿಗಳಲ್ಲಿ ಬೆರಳೆಣಿಕೆಗೆ ಇಳಿಯುತ್ತಿದ್ದರು. ಶಿಕ್ಷಕಿಯರನ್ನು ತಯಾರು ಮಾಡುವ ವಿಭಾಗ ಬೇಕಾದಾಗ, ಅದರಲ್ಲಿ ವರ್ಷಗಟ್ಟಲೆ ಕಲಿತು ಮುಂದೆ ಕೆಲಸದಲ್ಲಿ ನಿಲ್ಲಬಲ್ಲವರು ವಿಧವೆಯರೇ ಆಗಿದ್ದರಿಂದ, ವಿದ್ಯಾರ್ಥಿವೇತನದ ಮೂಲಕ ಅವರನ್ನು ಆ ಕಡೆಗೆ ಸೆಳೆಯುವ ಕ್ರಮ ಬಂದಿತು. ಈ ಹಣ ಜಾಣತನಕ್ಕೆ ಕೊಟ್ಟ ಬಹುಮಾನವಲ್ಲ, ಮನೆಯಲ್ಲಿ ಅವಳು ‘ಕೂತು ಉಣ್ಣುವವಳು’ ಎಂಬ ಮಾತಿಗೆ ಕೊಟ್ಟ ಉತ್ತರ.

ಚಾಮರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷವಾದ 1894ರಲ್ಲಿ ಮೈಸೂರು ಸರ್ಕಾರ ಶಿಶುವಿವಾಹ ತಡೆ ಕಾನೂನನ್ನು ತಂದು, ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ಎಂಬ ಅಂಕಿ ಇಂದು ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಅಷ್ಟಕ್ಕೂ ಅಂದು ಬಲವಾದ ವಿರೋಧವಿತ್ತು. ಕಾನೂನಿನ ಎರಡನೆಯ ಭಾಗ ಇನ್ನೂ ಹೆಚ್ಚಿನದನ್ನು ಹೇಳುತ್ತದೆ, ಏಕೆಂದರೆ ಎಳೆಯ ವಿಧವೆಯರು ಎಲ್ಲಿಂದ ಬರುತ್ತಿದ್ದರೆಂಬುದು ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಅದೇ ಸಾಕ್ಷಿ.

ಶಾಲೆಯಿಂದ ಸಮಾಜದ ಕಡೆಗೆ ಹೊರಳಿದ ಕಾಲವೆಂದು 1913ನ್ನು ಹಿಡಿಯಬಹುದು. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿದ್ದು ಆ ವರ್ಷ. ನಂಜನಗೂಡು ತಿರುಮಲಾಂಬ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದ್ದೂ ಅದೇ ವರ್ಷ. ಹದಿನಾಲ್ಕರ ಸುಮಾರಿಗೆ ವಿಧವೆಯಾದ ತಿರುಮಲಾಂಬ ವಕೀಲರಾಗಿದ್ದ ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದಿ, ಊರಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಬಳಿಕ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. ಅವರ ‘ಸರಸ್ವತಿ’ ಪತ್ರಿಕೆ ನಾಲ್ಕು ದಶಕಗಳಷ್ಟು ದೀರ್ಘಕಾಲ ನಡೆಯಿತು. 1938ರಲ್ಲಿ ಅವರು ಚಾಮರಾಜಪೇಟೆಯಲ್ಲಿ ಕಟ್ಟಿದ ಮಕ್ಕಳ ಕೂಟ ಹುಡುಗಹುಡುಗಿಯರಿಬ್ಬರಿಗೂ ಹಾಡು, ಕಥೆ, ನಾಟಕಗಳ ತಾಣವಾಯಿತು. ಸಮಾಜವೆಂದರೆ ವಾರದಲ್ಲಿ ಕೆಲವು ಮಧ್ಯಾಹ್ನ ಹೆಂಗಸರು ಒಂದೆಡೆ ಸೇರಿ ಹೊಲಿಗೆ, ಹಿಂದಿ, ಸಂಗೀತ, ಪತ್ರಿಕೆಯ ಓದು, ಭಾಷಣ ಇವುಗಳಲ್ಲಿ ತೊಡಗುವ ವ್ಯವಸ್ಥೆ. ಇದನ್ನು ಬಿಡುವಿನ ಹವ್ಯಾಸವೆಂದು ತಳ್ಳಿಹಾಕುವ ಇತಿಹಾಸಕಾರರಿದ್ದಾರೆ. ಆದರೆ ಅರಿಸಿನ ಕುಂಕುಮಕ್ಕೂ ಕರೆಯದ ಹೆಣ್ಣು ಅದೇ ಊರಿನ ಮುತ್ತೈದೆಯರ ಸಭೆಯಲ್ಲಿ ಕಾರ್ಯದರ್ಶಿಯಾಗಿ ವರದಿ ಓದುವುದು ಸಣ್ಣ ಪಲ್ಲಟವಲ್ಲ.

ಶಿಬಿರದ ಕಥೆ ಹುಬ್ಬಳ್ಳಿಗೆ ಸೇರಿದ್ದು, ಅದರ ಕೇಂದ್ರದಲ್ಲಿರುವವರು ಉಮಾಬಾಯಿ ಕುಂದಾಪುರ. ಮಂಗಳೂರಿನಲ್ಲಿ 1892ರಲ್ಲಿ ಭವಾನಿ ಗೋಳಿಕೇರಿ ಎಂಬ ಹೆಸರಿನಿಂದ ಹುಟ್ಟಿದ ಅವರಿಗೆ ಹದಿಮೂರರ ಹೊತ್ತಿಗೆ ಮದುವೆಯಾಯಿತು. ಸೊಸೆ ಓದಬೇಕೆಂದು ಹಟ ಹಿಡಿದವರು ಮಾವ ಆನಂದರಾವ್ ಕುಂದಾಪುರ. ಮೆಟ್ರಿಕ್ ಮುಗಿಸಿದ ಉಮಾಬಾಯಿ ಮಾವನ ಬೆಂಬಲದಿಂದ ಸ್ತ್ರೀಶಿಕ್ಷಣದ ಕೆಲಸಕ್ಕೆ ಇಳಿದರು. 1923ರಲ್ಲಿ ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಬಂದು, ಮಾವ ‘ಕರ್ನಾಟಕ ಪ್ರೆಸ್’ ನಡೆಸುತ್ತಿದ್ದಾಗ ತಾವು ತಿಲಕ ಕನ್ಯಾ ಶಾಲೆಯನ್ನೂ ಭಗಿನೀ ಮಂಡಲವನ್ನೂ ನೋಡಿಕೊಂಡರು. ಅದೇ ವರ್ಷಾಂತ್ಯದಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ವೇಳೆ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ್ದರು; ಕವಾಯತು, ಲಾಠಿ, ಪ್ರಥಮ ಚಿಕಿತ್ಸೆ, ನೂಲುವುದು, ಧ್ವಜವಂದನೆ ಇವುಗಳನ್ನು ಶಿಸ್ತಿನ ಶಿಬಿರಗಳಲ್ಲಿ ಕಲಿಸುವ ಸ್ವಯಂಸೇವಕ ಪಡೆ ಅದು. ಹುಬ್ಬಳ್ಳಿ ಅದರ ನೆಲೆಯಾಯಿತು. ಮಹಿಳಾ ವಿಭಾಗದ ಹೊಣೆ ಉಮಾಬಾಯಿಯವರಿಗೆ ಬಂತು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ದಳದ ಸೇವಿಕೆಯರನ್ನು ಸಂಘಟಿಸುವಲ್ಲಿ ಜೊತೆಯಾದರು. ಅವರೂ ಹದಿಹರೆಯದಲ್ಲಿಯೇ ವಿಧವೆಯಾಗಿ, ಮದರಾಸಿನಲ್ಲಿ ಓದಿ, ಮರುಮದುವೆಯಾದವರು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನಕ್ಕೆ ಉಮಾಬಾಯಿ ಊರೂರು ಅಲೆದು ನೂರೈವತ್ತಕ್ಕೂ ಹೆಚ್ಚು ಸೇವಿಕೆಯರನ್ನು ಕಲೆಹಾಕಿದರು. ಅವರಲ್ಲಿ ವಿಧವೆಯರೂ ಇದ್ದರು. ಇಲ್ಲಿ ಶಿಬಿರವೆಂಬ ರೂಪದ ಹೊಸತನವನ್ನು ಗಮನಿಸಬೇಕು. ಶಾಲೆಗೆ ಹೋದ ಹುಡುಗಿ ಸಂಜೆ ಮನೆಗೆ ಬರುತ್ತಾಳೆ, ಸಮಾಜಕ್ಕೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಮರಳುತ್ತಾಳೆ. ಶಿಬಿರದಲ್ಲಿ ಅವಳು ಬೇರೆ ಊರಿನ, ಬೇರೆ ಮನೆತನದ ಹೆಂಗಸರೊಡನೆ ರಾತ್ರಿ ಕಳೆಯಬೇಕು, ಸಾಲಿನಲ್ಲಿ ನಿಂತು ಆಜ್ಞೆ ಪಾಲಿಸಬೇಕು, ಸಾವಿರಾರು ಗಂಡಸರು ಓಡಾಡುವ ಮೈದಾನದಲ್ಲಿ ದಾರಿ ತೋರಿಸಬೇಕು. ಗಾಂಧೀಜಿಯವರ ಹೆಸರಿಲ್ಲದೆ, ಉಮಾಬಾಯಿಯಂಥ ವಿಧವೆಯೊಬ್ಬರು ತಾವೇ ಮುಂದೆ ನಿಲ್ಲದೆ, ಯಾವ ಮನೆಯವರೂ ಇದಕ್ಕೆ ಒಪ್ಪುತ್ತಿರಲಿಲ್ಲ. ಉಮಾಬಾಯಿ 1932ರಲ್ಲಿ ಬಂಧಿತರಾಗಿ ಯೆರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಕಳೆದರು; ಆ ಅವಧಿಯಲ್ಲಿ ಮಾವ ತೀರಿಕೊಂಡರು, ಮುದ್ರಣಾಲಯವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ಶಾಲೆಗೆ ಬೀಗ ಬಿತ್ತು. ಬಿಡುಗಡೆಯ ಬಳಿಕ ಅವರ ಚಿಕ್ಕ ಮನೆ ಜೈಲಿನಿಂದ ಹೊರಬಂದ ಸತ್ಯಾಗ್ರಹಿ ಹೆಂಗಸರ ತಂಗುದಾಣವಾಯಿತು. ಊರಿಗೆ ಮರಳಲು ಕೈಯಲ್ಲಿ ಕಾಸಿಲ್ಲದವರಿಗೆ ಊಟ ಹಾಕಿ, ದಾರಿಖರ್ಚು ಕೊಟ್ಟು ಕಳಿಸುತ್ತಿದ್ದರು. ಚಳವಳಿಯ ಇತಿಹಾಸಗಳು ಇಂಥ ಖರ್ಚಿನ ಬಾಬತ್ತನ್ನು ಬರೆಯುವುದು ಕಡಿಮೆ.

ಈ ಕಥನಕ್ಕೆ ಒಂದು ದೊಡ್ಡ ಮಿತಿಯಿದೆ. ಕನ್ನಡ ನಾಡಿನ ಹೆಚ್ಚಿನ ಒಕ್ಕಲು ಮತ್ತು ಕಸುಬಿನ ಜಾತಿಗಳಲ್ಲಿ ಗಂಡ ಸತ್ತವಳು ಮತ್ತೊಬ್ಬನೊಡನೆ ಬಾಳುವುದಕ್ಕೆ ‘ಕೂಡಿಕೆ’ ಅಥವಾ ‘ಉಡಿಕೆ’ ಎಂಬ ಒಪ್ಪಿತ ಪದ್ಧತಿಯಿತ್ತು; ಅಲ್ಲಿನ ಹುಡುಗಿಯ ಓದಿಗೆ ಅಡ್ಡಬಂದದ್ದು ವೈಧವ್ಯವಲ್ಲ, ಕೂಲಿ ಮತ್ತು ಅಸ್ಪೃಶ್ಯತೆ. ವಿಧವೆಯನ್ನು ಮಾದರಿಯಾಗಿಟ್ಟುಕೊಂಡ ಸಂಸ್ಥೆಗಳಿಗೆ ಆ ಹುಡುಗಿ ಬಹುಕಾಲ ಕಾಣಿಸಲೇ ಇಲ್ಲ. ಮಂಗಳೂರಿನಲ್ಲಿ 1897ರಲ್ಲಿ ದಲಿತರ ಉದ್ಧಾರಕ್ಕಾಗಿ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರು ಈ ಅಂತರವನ್ನು ಕಂಡವರಲ್ಲಿ ಮೊದಲಿಗರು. ಶಾಲೆಗೆ ಬರುವ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುವ ಅವರ ಏರ್ಪಾಡು ಹಾಜರಾತಿಗೆ ಕೊಡುವ ಇಂದಿನ ವಿದ್ಯಾರ್ಥಿವೇತನಗಳ ಪೂರ್ವಜನೆನ್ನಬಹುದು. ಅವರ ಮಗಳು ರಾಧಾಬಾಯಿ ಚಿಕ್ಕಂದಿನಲ್ಲಿ ವಿಧವೆಯಾಗಿ, ಓದು ಮುಂದುವರಿಸಿ, ಪಿ. ಸುಬ್ಬರಾಯನ್ ಅವರನ್ನು ಮರುಮದುವೆಯಾಗಿ, 1930ರ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. ಒಂದೇ ಮನೆಯಲ್ಲಿ ಎರಡು ಬಗೆಯ ಹೆಣ್ಣುಮಕ್ಕಳ ಪ್ರಶ್ನೆಗಳಿಗೂ ಉತ್ತರ ಹುಡುಕಿದ ನಿದರ್ಶನ ಇದಲ್ಲದೆ ಇನ್ನೊಂದು ಸಿಕ್ಕುವುದು ಕಷ್ಟ.

ಮುಂದಿನ ದಶಕಗಳಲ್ಲಿ ಮದುವೆಯ ವಯಸ್ಸು ಮೆಲ್ಲಗೆ ಏರಿತು. 1929ರ ಶಾರದಾ ಕಾನೂನು ಹುಡುಗಿಗೆ ಹದಿನಾಲ್ಕನ್ನು ಗೊತ್ತುಮಾಡಿತು. 1949ರಲ್ಲಿ ಅದು ಹದಿನೈದಾಗಿ, 1978ರಲ್ಲಿ ಹದಿನೆಂಟಾಯಿತು. ಕಾಗದದ ಮೇಲಿನ ಈ ಅಂಕಿಗಳನ್ನು ಊರುಗಳು ಪಾಲಿಸಿದ್ದು ಬಹಳ ತಡವಾಗಿ. ಕಸ್ತೂರಬಾ ಅವರು 1944ರಲ್ಲಿ ನಿಧನರಾದ ಬಳಿಕ ಅವರ ಹೆಸರಿನಲ್ಲಿ ಕೂಡಿಸಿದ ನಿಧಿಯಿಂದ ಹುಟ್ಟಿದ ಟ್ರಸ್ಟಿನ ಕರ್ನಾಟಕ ಶಾಖೆಯನ್ನು 1946ರಲ್ಲಿ ಗಾಂಧೀಜಿ ಉಮಾಬಾಯಿಯವರಿಗೆ ವಹಿಸಿದಾಗ, ಗ್ರಾಮಸೇವಿಕೆಯರಾಗಿ, ಅಂದರೆ ಹಳ್ಳಿಯಲ್ಲಿದ್ದುಕೊಂಡು ಬಾಣಂತಿಯರ ಆರೈಕೆ, ಬಾಲವಾಡಿ, ನೈರ್ಮಲ್ಯದ ಕೆಲಸ ಮಾಡುವವರಾಗಿ ತರಬೇತಿ ಪಡೆಯಲು ಮನೆಬಿಟ್ಟು ಬರಬಲ್ಲವರು ಮತ್ತೆ ಬಹುಮಟ್ಟಿಗೆ ವಿಧವೆಯರು ಮತ್ತು ದಿಕ್ಕಿಲ್ಲದ ಬಡ ಹೆಂಗಸರೇ ಆಗಿದ್ದರು. ಅರಸೀಕೆರೆಯ ಬಳಿಯ ಕಸ್ತೂರಬಾಗ್ರಾಮದಲ್ಲಿ ಯಶೋಧರಾ ದಾಸಪ್ಪನವರು ಈ ಕೆಲಸವನ್ನು ಮುಂದುವರಿಸಿದರು. 1952ರ ಸಮುದಾಯ ಅಭಿವೃದ್ಧಿ ಯೋಜನೆ ಊರೂರಿಗೆ ಮಹಿಳಾ ಮಂಡಲಗಳನ್ನು ತಂದಿತಾದರೂ, ಅನೇಕ ಕಡೆ ಅವು ಊರ ಪ್ರಮುಖರ ಮನೆಯ ಹೆಂಗಸರ ಹೊಲಿಗೆ ಯಂತ್ರಗಳ ಸುತ್ತಲೇ ಉಳಿದವು.

ಹಳೆಯ ಚೌಕಟ್ಟಿನಿಂದ ನಿಜವಾಗಿ ಬೇರೆಯಾದದ್ದು 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಆಧರಿಸಿ, ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ, ಉತ್ತರ ಪ್ರದೇಶ, ಗುಜರಾತ್ ಮತ್ತು ಕರ್ನಾಟಕಗಳಲ್ಲಿ ಏಕಕಾಲಕ್ಕೆ ಹುಟ್ಟಿದ ಈ ಕಾರ್ಯಕ್ರಮ ಇಲ್ಲಿ ಬೀದರ್, ಬಿಜಾಪುರ ಮತ್ತು ಮೈಸೂರು ಜಿಲ್ಲೆಗಳನ್ನು ಮೊದಲು ಆರಿಸಿಕೊಂಡು, ದಲಿತ ಮತ್ತು ಕೂಲಿ ಹೆಂಗಸರ ಸಂಘಗಳಿಂದ ಕೆಲಸ ಆರಂಭಿಸಿತು. ಸಾಲ ಹಂಚದೆ, ಸೌಲಭ್ಯದ ಆಸೆ ತೋರಿಸದೆ, ಮೊದಲು ಒಟ್ಟಿಗೆ ಕುಳಿತು ಮಾತಾಡುವುದನ್ನೇ ಅದು ಶಿಕ್ಷಣವೆಂದು ಕರೆದಾಗ ಅಧಿಕಾರಿಗಳೂ ಹಳ್ಳಿಯವರೂ ಕಕ್ಕಾಬಿಕ್ಕಿಯಾದರು. ಸಂಘದ ತಾಯಂದಿರು ತಮ್ಮ ಹೆಣ್ಣುಮಕ್ಕಳ ಮಾತು ಎತ್ತಿದ ಮೇಲೆ ಕಿಶೋರಿ ಸಂಘಗಳೂ, ಶಾಲೆ ಬಿಟ್ಟ ಹುಡುಗಿಯರು ಒಂದೆಡೆ ಉಳಿದು ಕಲಿಯುವ ಮಹಿಳಾ ಶಿಕ್ಷಣ ಕೇಂದ್ರಗಳೂ ಬಂದವು. ಈ ಕೇಂದ್ರಗಳಲ್ಲಿ ಊಟ, ವಸತಿ, ಪಾಠ, ಹಾಡು, ಕಾನೂನಿನ ತಿಳಿವಳಿಕೆ ಎಲ್ಲವೂ ಒಂದೇ ಸೂರಿನಡಿ ಇದ್ದುದರಿಂದ ಶಿಬಿರ, ಸಮಾಜ, ವಿದ್ಯಾರ್ಥಿವೇತನಗಳ ನಡುವಿನ ಗೆರೆ ಅಳಿಸಿಹೋಯಿತು. ಮದುವೆಯನ್ನು ಮುಂದೂಡಿಸಿಕೊಂಡು ಬಂದ ಹುಡುಗಿಯರೂ, ಬಾಲ್ಯದಲ್ಲಿಯೇ ಮದುವೆಯಾಗಿ ಗಂಡನ ಮನೆ ಬಿಟ್ಟು ಬಂದವರೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತರು. ಕೇಂದ್ರ ಸರ್ಕಾರದ ಹಣ 2016ರಲ್ಲಿ ನಿಂತ ಮೇಲೆ, ಸಂಘಗಳು ಅದಕ್ಕೂ ಮುಂಚೆಯೇ ಕಟ್ಟಿಕೊಂಡಿದ್ದ ತಾಲ್ಲೂಕು ಒಕ್ಕೂಟಗಳ ಮೇಲೆ ಈ ಕೆಲಸದ ಭಾರ ಬಿತ್ತು.